ಕಡತದಲ್ಲಿ ಕಾಣದ ಒಕ್ಕಲು

ಮಂಗಳೂರು ನಗರದ ಮಧ್ಯಭಾಗದಲ್ಲಿರುವ ಕೊಡಿಯಾಲ್‌ಬೈಲಿಗೆ ಆ ಹೆಸರು ಹೇಗೆ ಬಂದಿತೆಂದು ವಿಚಾರಿಸುವವರು ಇಂದು ವಿರಳ. ಕೊಡಿಯಾಲವೆಂಬುದು ಕೊಂಕಣಿಗರು ಮಂಗಳೂರಿಗೆ ಇಟ್ಟುಕೊಂಡಿರುವ ಹೆಸರು. ಬೈಲೆಂದರೆ ನೀರು ನಿಲ್ಲುವ ತಗ್ಗಿನ ಗದ್ದೆಗಳ ಹರವು. ತುಳುನಾಡಿನ ಬೇಸಾಯಗಾರರು ಬತ್ತದ ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸಿಕೊಂಡಿರುವರು. ಒಳ್ಳೆಯ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ, ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದೇ. ವಕೀಲರ ಕಛೇರಿಗಳೂ ಬಹುಮಹಡಿಯ ಕಟ್ಟಡಗಳೂ ತುಂಬಿರುವ ಈಗಿನ ಕೊಡಿಯಾಲ್‌ಬೈಲಿನಲ್ಲಿ ಗದ್ದೆ ಕಾಣದು. ಹೆಸರೊಂದು ಮಾತ್ರ ಹಿಂದಿನ ಸ್ಥಿತಿಗೆ ಸಾಕ್ಷಿಯಾಗಿ ನಿಂತಿದೆ.

ಈ ಮೂರು ವಿಭಾಗಗಳನ್ನು ಯಾವ ಪಂಡಿತಸಭೆಯೂ ನಿರ್ಣಯಿಸಿದುದಲ್ಲ. ನೀರಿನ ನಡೆಯನ್ನೂ ಮಣ್ಣಿನ ಗುಣವನ್ನೂ ತಲೆತಲಾಂತರದಿಂದ ಬಲ್ಲವರು ಮಾಡಿಕೊಂಡುದು. ಆದರೆ ಭೂಮಿಯ ಮೇಲೆ ತೀರ್ವೆಯನ್ನು ಕಟ್ಟಬೇಕಾದ ರಾಜ್ಯಕ್ಕೆ ಈ ಅರಿವು ತಾನಾಗಿ ದೊರೆಯುವುದಿಲ್ಲ. ಅದಕ್ಕೆ ತಿಳಿದವರೊಬ್ಬರು ಬೇಕು; ಅವರ ಸಲಹೆ ಬೇಕು. ಹಿಂದೆ ಅಮಾತ್ಯನೂ ಗಣಕನೂ ಮಾಡುತ್ತಿದ್ದ ಈ ಕಾರ್ಯವನ್ನು ತರುವಾಯದ ಕಾಲದಲ್ಲಿ ಕಲೆಕ್ಟರನ ಪತ್ರ, ಸಂಚಾರಿಯ ದಿನಚರಿ, ವಿಜ್ಞಾನಸಂಘದ ವರದಿ, ಸರಕಾರವು ನೇಮಿಸಿದ ಸಮಿತಿ ಇವು ಕ್ರಮವಾಗಿ ವಹಿಸಿಕೊಂಡು ಬಂದಿವೆ. ಇಂದು ಚಿಂತಕರ ಚಾವಡಿಗಳೆಂದು ಕರೆಯುವ ಸಂಸ್ಥೆಗಳು ಈ ಸಾಲಿನಲ್ಲಿ ಕಡೆಯವು. ತಜ್ಞರ ಮಾತು ರಾಜನೀತಿಯನ್ನು ಎಷ್ಟರಮಟ್ಟಿಗೆ ತಿದ್ದಬಲ್ಲದು, ಎಲ್ಲಿ ತಪ್ಪುವುದು ಎಂಬುದನ್ನು ಪರೀಕ್ಷಿಸಲು ಕನ್ನಡ ಜಿಲ್ಲೆಯ ಭೂಮಿಯ ಚರಿತ್ರೆಗಿಂತ ಸಮರ್ಪಕವಾದ ಉದಾಹರಣೆ ದುರ್ಲಭ. ಆ ಚರಿತ್ರೆಗೆ ಈಗ ಇನ್ನೂರಿಪ್ಪತ್ತೈದು ವರ್ಷಗಳಿಗೂ ಮಿಕ್ಕ ವಿಸ್ತಾರವಿದೆ.

೧. ಮನ್ರೋ ಓದಿದ ಕಡತಗಳು

೧೭೯೯ನೆಯ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕನ್ನಡ ಜಿಲ್ಲೆಯು ಕುಂಪಣಿ ಸರಕಾರದ ವಶವಾಯಿತು. ಅದರ ಆಡಳಿತವನ್ನು ವ್ಯವಸ್ಥೆಗೊಳಿಸಲು ಬಂದವನು ಥಾಮಸ್ ಮನ್ರೋ. ೧೭೬೧ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿ, ಸಿಪಾಯಿ ದಳದವನಾಗಿ ಮದರಾಸಿಗೆ ಬಂದ ಇವನು ಬಾರಾಮಹಲಿನಲ್ಲಿ ಏಳು ವರ್ಷ ಕಂದಾಯದ ಕೆಲಸವನ್ನು ಕಲಿತಿದ್ದನು. ಕನ್ನಡ ಜಿಲ್ಲೆ ಅವನಿಗೆ ಪ್ರಿಯವಾಗಲಿಲ್ಲ. ಇಲ್ಲಿಯ ಎಡೆಬಿಡದ ಮಳೆಯನ್ನು ದೂರುತ್ತ, ಬೇರೆಡೆಗೆ ವರ್ಗವನ್ನು ಬೇಡುತ್ತ ಸುಮಾರು ಹದಿನೈದು ತಿಂಗಳು ಕಳೆದು, ೧೮೦೦ನೆಯ ಇಸವಿಯ ಕೊನೆಯ ಭಾಗದಲ್ಲಿ ದತ್ತಮಂಡಲಗಳಿಗೆ ತೆರಳಿದನು. ಆದರೆ ಇಷ್ಟು ಅಲ್ಪಕಾಲದಲ್ಲಿ ಅವನು ಬರೆದುಕಳುಹಿದ ಪತ್ರಗಳು ಈ ಜಿಲ್ಲೆಯ ಭೂಸ್ವಾಮ್ಯದ ರೂಪವನ್ನು ಬಹುಕಾಲ ನಿರ್ಣಯಿಸಿದವು.

ಮನ್ರೋ ಉಳಿದ ಅಧಿಕಾರಿಗಳಂತೆ ಊಹೆಯಿಂದ ತೀರ್ವೆ ಕಟ್ಟಲು ಹೊರಡಲಿಲ್ಲ. ಶಾನುಭೋಗರ ಮನೆಗಳಲ್ಲಿ ಉಳಿದಿದ್ದ ಹಳೆಯ ಲೆಕ್ಕಗಳನ್ನು ಹುಡುಕಿಸಿದನು. ಹುಣಿಸೆಬೀಜದ ಸರಿಯನ್ನೂ ಇದ್ದಲನ್ನೂ ಬಟ್ಟೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದಿಡುತ್ತಿದ್ದ ಕಡತಗಳು ಅವು. ಅವುಗಳಿಂದಲೂ ಹಿರಿಯರ ಮಾತುಗಳಿಂದಲೂ ತಿಳಿದುಬಂದ ಪರಂಪರೆ ಹೀಗಿತ್ತು. ವಿಜಯನಗರದ ಹರಿಹರನ ಕಾಲದಲ್ಲಿ ಶಾಸ್ತ್ರಾನುಸಾರವಾಗಿ ತೆರಿಗೆ ನಿಶ್ಚಿತವಾಯಿತೆಂದು ಹೇಳಿಕೆ. ಮೂವತ್ತು ಪಾಲು ಹುಟ್ಟುವಳಿಯಾದರೆ ಅದರಲ್ಲಿ ಹದಿನೈದು ಉತ್ತವನಿಗೆ, ಏಳೂವರೆ ಭೂಮಿಯ ಒಡೆಯನಿಗೆ, ಷಡ್ಭಾಗವಾದ ಐದು ಅರಸನಿಗೆ, ಒಂದೂವರೆ ಬ್ರಾಹ್ಮಣರಿಗೆ, ಒಂದು ದೇವರಿಗೆ. ಇದರ ಮೇಲೆ ಕೆಳದಿಯ ಶಿವಪ್ಪನಾಯಕನ ಕಾಲದ ಶಿಸ್ತು. ಅವನ ತರುವಾಯದ ನಾಯಕರು ಕೂಡಿಸಿದ ಹೆಚ್ಚಳ. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರನೂ ಅವನ ಮಗ ಟಿಪ್ಪುವೂ ಹೇರಿದ ಶಾಮಿಲು. ಒಂದರ ಮೇಲೊಂದು ಹೀಗೆ ಪದರಪದರವಾಗಿ ಕುಳಿತ ಭಾರವನ್ನು ಮನ್ರೋ ಬಿಡಿಸಿ ನೋಡಿದನು.

೧೮೦೦ನೆಯ ಮೇ ೩೧ರಂದು ಅವನು ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ಪತ್ರ ಪ್ರಸಿದ್ಧವಾದುದು. ಈ ಜಿಲ್ಲೆಯಲ್ಲಿ ಭೂಮಿ ಅರಸನ ಸೊತ್ತಲ್ಲ. ಅದು ಪ್ರಜೆಯ ಖಾಸಗಿ ಸೊತ್ತು. ಅದನ್ನು ಕೊಂಡುಮಾರುವ, ಅಡವಿಡುವ, ಮಕ್ಕಳಿಗೆ ಉಳಿಸುವ ಹಕ್ಕು ಪ್ರಾಚೀನವಾದುದು. ತೀರ್ವೆ ಹಗುರವಾಗಿದ್ದರೆ ಮಾತ್ರ ಈ ಹಕ್ಕಿಗೆ ಬೆಲೆಯುಂಟು ಎಂಬುದು ಅವನ ಸಿದ್ಧಾಂತ. ಇಂಡಿಯಾದಲ್ಲಿ ಭೂಮಿಯೆಲ್ಲವೂ ದೊರೆಯದೆಂದು ನಂಬಿದ್ದ ಅಂದಿನ ಆಂಗ್ಲೇಯರಿಗೆ ಇದು ಹೊಸ ಮಾತಾಗಿತ್ತು. ೧೮೧೨ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ ಐದನೆಯ ವರದಿಯಲ್ಲಿ ಕನ್ನಡ ಜಿಲ್ಲೆಯ ಈ ಸಂಗತಿಗಳು ಸೇರಿದವು. ಬಂಗಾಲದ ಜಮೀನ್ದಾರಿಯನ್ನು ದಕ್ಷಿಣಕ್ಕೆಲ್ಲ ಹಬ್ಬಿಸಬಾರದು, ಸರಕಾರವು ರೈತನೊಡನೆಯೇ ನೇರವಾಗಿ ವ್ಯವಹರಿಸಬೇಕು ಎಂಬ ವಾದಕ್ಕೆ ಆಧಾರವೂ ಆದವು. ಒಬ್ಬ ತಜ್ಞನ ಅಧ್ಯಯನವು ದೇಶದ ನೀತಿಯನ್ನು ತಿದ್ದಿದ ನಿದರ್ಶನವೆಂದರೆ ಇದೇ. ಮನ್ರೋ ೧೮೨೦ರಲ್ಲಿ ಮದರಾಸಿನ ಗವರ್ನರನಾಗಿ, ೧೮೨೭ರಲ್ಲಿ ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು.

೨. ಕಾಣದಿರುವುದೂ ಇಲ್ಲದಿರುವುದೂ

ಆದರೆ ಮನ್ರೋ ಓದಿದ ಕಡತಗಳು ಯಾರು ಬರೆದವು, ಯಾವ ಉದ್ದೇಶಕ್ಕೆ ಬರೆದವು ಎಂಬುದನ್ನು ಮರೆಯಲಾಗದು. ಅವು ತೀರ್ವೆಯ ಲೆಕ್ಕಗಳು. ತೀರ್ವೆ ಕೊಡುವವನ ಹೆಸರು, ಅಂದರೆ ವರ್ಗದಾರನ ಹೆಸರು, ಅವುಗಳಲ್ಲಿ ಉಂಟು. ಅವನ ಕೈಕೆಳಗೆ ಗೇಣಿಗೆ ಸಾಗುವಳಿ ಮಾಡುವ ಒಕ್ಕಲಿನ ಹೆಸರು ಬರೆಯಬೇಕಾದ ಕಾರಣವೇ ಶಾನುಭೋಗನಿಗಿರಲಿಲ್ಲ. ಹಳೆಯ ಗಣಿತದಲ್ಲಿ ಹುಟ್ಟುವಳಿಯ ಅರ್ಧಭಾಗ ಉತ್ತವನದೆಂದು ಲೆಕ್ಕ ಹಾಕಲಾಗಿದೆ. ಆದರೆ ಆ ಉತ್ತವನಾರೆಂಬುದಕ್ಕೆ ಕಡತದಲ್ಲಿ ಸ್ಥಳವಿಲ್ಲ.

ಒಕ್ಕಲುಗಳಲ್ಲಿ ಮುಖ್ಯವಾಗಿ ಎರಡು ವರ್ಗ. ಮೂಲಗೇಣಿಯವನಿಗೆ ಗೇಣಿ ನಿಶ್ಚಿತ. ಅದನ್ನು ಸಲ್ಲಿಸುತ್ತಿರುವವರೆಗೆ ಅವನ ಸಂತತಿಯವರನ್ನು ಎಬ್ಬಿಸುವಂತಿಲ್ಲ. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿರುವವನು. ವರ್ಷ ತುಂಬಿದೊಡನೆ ಗೇಣಿಯನ್ನು ಏರಿಸಬಹುದು, ಅವನನ್ನು ಬಿಡಿಸಬಹುದು. ಮುಡಿ ಕಟ್ಟಿದ ಅಕ್ಕಿಯನ್ನು ತಲೆಯ ಮೇಲೆ ಹೊತ್ತು ಧಣಿಯ ಅಂಗಳಕ್ಕೆ ತಲುಪಿಸುವುದೂ ಹಬ್ಬಹರಿದಿನಗಳಲ್ಲಿ ಕಾಣಿಕೆಯೊಪ್ಪಿಸುವುದೂ ಅವನ ಕರ್ತವ್ಯಗಳಾಗಿದ್ದವು. ಇವನ ಕೆಳಗೆ, ಭೂಮಿಯೊಡನೆಯೇ ಕೈಬದಲಾಗುತ್ತಿದ್ದ ಮೂಲದಾಳುಗಳು ಇದ್ದರು.

ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅಂಗೀಕರಿಸುವ ಆರನೆಯ ಪ್ರಮಾಣ ಅನುಪಲಬ್ಧಿ. ಒಂದು ವಸ್ತು ಕಾಣದಿರುವುದರಿಂದ ಅದು ಅಲ್ಲಿಲ್ಲವೆಂದು ತಿಳಿಯುವುದೇ ಅದು. ಆದರೆ ಶಾಸ್ತ್ರಕಾರರು ಇದಕ್ಕೊಂದು ನಿಬಂಧನೆಯನ್ನು ಹಾಕಿರುವರು: ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿದ್ದ ಸನ್ನಿವೇಶದಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಬೆಳಕಿರುವ ಕೋಣೆಯಲ್ಲಿ ಘಟವು ಕಾಣದಿದ್ದರೆ ಘಟವಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಹಾಗೆನ್ನುವುದು ಸಲ್ಲದು. ತೀರ್ವೆಯ ಕಡತವು ಒಕ್ಕಲಿನ ಮಟ್ಟಿಗೆ ಕತ್ತಲೆಯ ಕೋಣೆ. ಒಕ್ಕಲೆಂಬವನು ಇರುವನೆಂಬುದು ಮನ್ರೋನಿಗೆ ಗೊತ್ತಿರದೆ ಇರಲಿಲ್ಲ. ಆದರೆ ಸರಕಾರವು ಹಕ್ಕನ್ನು ಮನ್ನಿಸುವಾಗ ಕಡತದಲ್ಲಿ ಕಂಡವನಿಗೆ ಮಾತ್ರ ಅದು ದೊರೆಯಿತು. ಕಾಣದವನು ಇಲ್ಲದವನೆನಿಸಿದನು. ಈ ಒಂದು ಲೋಪವು ನೂರ ಎಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿತು.

೩. ಕಂಡವನ ಮಾತು ನಡೆಯಲಿಲ್ಲ

ಅದೇ ಕಾಲದಲ್ಲಿ ಇನ್ನೊಬ್ಬ ತಜ್ಞನು ಈ ದಾರಿಯಲ್ಲಿ ಬಂದನು. ಗವರ್ನರ್ ಜನರಲ್ ವೆಲ್ಲೆಸ್ಲಿ ೧೮೦೦ನೆಯ ಫೆಬ್ರವರಿಯಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು, ಕನ್ನಡ, ಮಲೆಯಾಳ ದೇಶಗಳ ಬೇಸಾಯ, ಕೈಗಾರಿಕೆ, ವ್ಯಾಪಾರಗಳನ್ನು ಪರೀಕ್ಷಿಸಿ ಬರಲು ನೇಮಿಸಿದನು. ಬುಕಾನನ್ ಆ ವರ್ಷದ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು, ೧೮೦೧ನೆಯ ಇಸವಿಯ ಆರಂಭದಲ್ಲಿ ಮಂಗಳೂರಿನ ಸೀಮೆಯನ್ನು ಸಂಚರಿಸಿದನು. ಇವನು ಲೆಕ್ಕದ ಪುಸ್ತಕಕ್ಕಿಂತ ಹೆಚ್ಚಾಗಿ ಮನುಷ್ಯರನ್ನು ಪ್ರಶ್ನಿಸಿದವನು. ಗದ್ದೆಯ ಬಗೆಗಳು, ಬಿತ್ತುವ ಬೀಜದ ಪ್ರಮಾಣ, ಗೇಣಿಯ ರೀತಿ, ಕ್ರಯಕ್ಕೆ ಕೊಂಡ ಆಳುಗಳಿಗೆ ಸಲ್ಲುವ ಅಕ್ಕಿ ಬಟ್ಟೆಗಳ ಲೆಕ್ಕ ಎಲ್ಲವನ್ನೂ ಬರೆದುಕೊಂಡನು. ಕಡತದಲ್ಲಿ ಬಾರದವರು ಅವನ ದಿನಚರಿಯಲ್ಲಿ ಬಂದರು.

ಆದರೆ ಈ ದಿನಚರಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾದುದು ೧೮೦೭ರಲ್ಲಿ. ಅಷ್ಟರೊಳಗೆ ಜಿಲ್ಲೆಯ ವ್ಯವಸ್ಥೆ ಬೇರೂರಿತ್ತು. ಬುಕಾನನ್ನನಿಗೆ ತೀರ್ವೆ ಕಟ್ಟುವ ಅಧಿಕಾರವೂ ಇರಲಿಲ್ಲ. ಇಬ್ಬರನ್ನೂ ಜೊತೆಯಲ್ಲಿಟ್ಟು ನೋಡಿದರೆ ಒಂದು ಸತ್ಯ ಹೊಳೆಯುವುದು: ತಜ್ಞನ ಅರಿವು ಎಷ್ಟೇ ವ್ಯಾಪಕವಾಗಿರಲಿ, ಅದು ಆಡಳಿತದ ಅಗತ್ಯದೊಡನೆ ಕೂಡಿದಲ್ಲಿ ಮಾತ್ರ ನೀತಿಯಾಗುವುದು. ಸರಕಾರಕ್ಕೆ ಅಂದು ಬೇಕಾಗಿದ್ದುದು ತೀರ್ವೆ ತೆರುವವನಾರೆಂಬ ಪ್ರಶ್ನೆಗೆ ಉತ್ತರ. ಮನ್ರೋ ಅದನ್ನು ಕೊಟ್ಟನು. ಬೆಳೆಯುವವನಾರು, ಉಣ್ಣುವವನಾರು ಎಂಬ ಪ್ರಶ್ನೆಗೆ ಬುಕಾನನ್ ಉತ್ತರವಿತ್ತನು. ಆದರೆ ಆ ಪ್ರಶ್ನೆಯನ್ನು ಅಂದು ಕೇಳಿದವರಿರಲಿಲ್ಲ.

ಹಗುರವಾದ ತೀರ್ವೆಯೆಂಬ ಮನ್ರೋನ ಉಪದೇಶವೂ ಪೂರ್ಣವಾಗಿ ಪಾಲಿತವಾಗಲಿಲ್ಲ. ೧೮೩೦-೩೧ರಲ್ಲಿ ಧಾರಣೆ ಕುಸಿದು ಕಷ್ಟಕ್ಕೀಡಾದ ರೈತರು ಅಲ್ಲಲ್ಲಿ ಕೂಟಗಳನ್ನು ಸೇರಿ ತೀರ್ವೆ ಕೊಡಲು ನಿರಾಕರಿಸಿದರು. ವಿಚಾರಣೆಗೆ ಬಂದ ಸ್ಟೋಕ್ಸ್ ೧೮೩೩ರಲ್ಲಿ ವರದಿಯನ್ನೊಪ್ಪಿಸಿದನು. ಮರುವರ್ಷ ಕೊಡಗು ಕುಂಪಣಿಯ ಕೈಸೇರಿ, ಅಮರಸುಳ್ಯ ಪುತ್ತೂರುಗಳು ಕನ್ನಡ ಜಿಲ್ಲೆಗೆ ಕೂಡಿದವು. ಕೊಡಗಿನ ಅರಸರಿಗೆ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ತೆರಿಗೆಯನ್ನು ನಾಣ್ಯದಲ್ಲಿಯೇ ತರಬೇಕೆಂದು ವಿಧಿಸಲಾಯಿತು. ಕಛೇರಿಯ ಲೆಕ್ಕಕ್ಕೆ ಇದು ಸುಗಮವಾದ ಸುಧಾರಣೆ. ಪೇಟೆಗೆ ದೂರವಾದ ಕಾಡುಸೀಮೆಯ ಬೇಸಾಯಗಾರನಿಗಾದರೋ, ಬೆಳೆಯನ್ನು ಕೇಳಿದ ಬೆಲೆಗೆ ಮಾರಿ ಸಾಲ ಮಾಡಬೇಕಾದ ಸಂಕಟ. ೧೮೩೭ನೆಯ ಏಪ್ರಿಲಿನಲ್ಲಿ ಎದ್ದ ದಂಗೆಗೆ ಇದೂ ಒಂದು ಮುಖ್ಯ ಕಾರಣ. ದಂಗೆಯವರು ಮಂಗಳೂರನ್ನು ಕೆಲವು ದಿನ ವಶದಲ್ಲಿಟ್ಟುಕೊಂಡರು. ಕೊಡಿಯಾಲ್‌ಬೈಲಿಗೆ ಸಮೀಪದ ಗುಡ್ಡದ ಮೇಲೆ ಅವರು ಬಾವುಟವನ್ನೇರಿಸಿದರೆಂದೂ ಬಾವುಟಗುಡ್ಡೆಯೆಂಬ ಹೆಸರು ಅದರಿಂದ ಬಂದಿತೆಂದೂ ಜನರು ಹೇಳುವರು.

೪. ಕಾಡಿನ ತಜ್ಞ

ತಜ್ಞರ ಕೂಟವೊಂದು ದೂರದಲ್ಲಿದ್ದೇ ಈ ಜಿಲ್ಲೆಯ ಬಾಳುವೆಯನ್ನು ಬದಲಿಸಿದ ಕಥೆ ಇದರ ಮುಂದಿನದು. ಹ್ಯೂ ಕ್ಲೆಗ್‌ಹಾರ್ನ್ ಮದರಾಸಿನಲ್ಲಿ ೧೮೨೦ರಲ್ಲಿ ಹುಟ್ಟಿದ ಸ್ಕಾಟ್ಲೆಂಡಿನ ಮನೆತನದ ವೈದ್ಯ. ಮೈಸೂರು ಸೀಮೆಯ ಶಿವಮೊಗ್ಗೆಯಲ್ಲಿ ಕೆಲಸದಲ್ಲಿದ್ದು ಸಸ್ಯಗಳನ್ನೂ ಕಾಡುಗಳನ್ನೂ ಅಭ್ಯಾಸ ಮಾಡಿದವನು. ೧೮೫೦ರಲ್ಲಿ ಎಡಿನ್‌ಬರೋ ನಗರದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನಸಂಘವು ಉಷ್ಣದೇಶಗಳ ಕಾಡುಗಳ ನಾಶದಿಂದಾಗುವ ಪರಿಣಾಮಗಳನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ಕ್ಲೆಗ್‌ಹಾರ್ನ್ ಅದರಲ್ಲಿ ಮುಖ್ಯನಾಗಿದ್ದನು. ಮರುವರ್ಷ ಬಂದ ವರದಿಯು, ಕಾಡು ಕಡಿದರೆ ತೊರೆಗಳು ಬತ್ತುವುವು, ಮರಮುಟ್ಟು ದುರ್ಲಭವಾಗುವುದು ಎಂದು ಎಚ್ಚರಿಸಿತು. ಹಡಗಿಗೂ ಹೊಸದಾಗಿ ಬಂದ ರೈಲುದಾರಿಗೂ ಮರ ಬೇಕಾಗಿದ್ದ ಕಾಲ ಅದು. ೧೮೫೬ರಲ್ಲಿ ಕ್ಲೆಗ್‌ಹಾರ್ನನೇ ಮದರಾಸು ಪ್ರಾಂತದ ಅರಣ್ಯಪಾಲಕನಾಗಿ ನೇಮಕಗೊಂಡನು.

ಘಟ್ಟದ ತಪ್ಪಲಿನ ಮಲೆಕುಡಿಯರು, ಮರಾಟಿಗಳು ಮೊದಲಾದವರು ಕುಮರಿ ಬೇಸಾಯ ಮಾಡುತ್ತಿದ್ದರು. ಗುಡ್ಡದ ಇಳಿಜಾರಿನಲ್ಲಿ ಪೊದೆಮರಗಳನ್ನು ಕಡಿದು, ಬೇಸಗೆಯಲ್ಲಿ ಸುಟ್ಟು, ಬೂದಿಯ ಮೇಲೆ ರಾಗಿ ಬತ್ತಗಳನ್ನು ಬಿತ್ತಿ, ಒಂದೆರಡು ಬೆಳೆ ತೆಗೆದು, ಆ ನೆಲವನ್ನು ಹಲವು ವರ್ಷ ಬೀಳುಬಿಟ್ಟು ಬೇರೆಡೆಗೆ ಹೋಗುವುದು ಅದರ ಕ್ರಮ. ಅರಣ್ಯತಜ್ಞನಿಗೆ ಇದು ಕಾಡಿನ ದಹನ. ೧೮೬೦ರಲ್ಲಿ ಮದರಾಸು ಸರಕಾರವು ತನ್ನ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಕುಮರಿ ಮಾಡಕೂಡದೆಂದು ನಿಷೇಧಿಸಿತು. ಕಾಡಿನ ಹಾನಿಯ ವಿಷಯದಲ್ಲಿ ಕ್ಲೆಗ್‌ಹಾರ್ನ್ ಹೇಳಿದುದರಲ್ಲಿ ಸತ್ಯಾಂಶವಿತ್ತು. ಗುಡ್ಡ ಕುಸಿದು ಹೊಳೆ ಬತ್ತುವುದನ್ನು ಕಂಡಿರುವ ಇಂದಿನವರು ಅವನನ್ನು ಹಳಿಯಲಾರರು. ಆದರೆ ಮರಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಆ ಮರಗಳ ನಡುವಿನ ಒಲೆಗಳನ್ನು ಎಣಿಸಿದವರಿಲ್ಲ. ಕುಮರಿಯನ್ನು ಕಳೆದುಕೊಂಡವನಿಗೆ ಉಳಿದ ದಾರಿಯೆಂದರೆ ಘಟ್ಟದ ಕೆಳಗಿಳಿದು ಇನ್ನೊಬ್ಬನ ಭೂಮಿಯಲ್ಲಿ ಚಾಲಗೇಣಿಗೋ ಕೂಲಿಗೋ ನಿಲ್ಲುವುದು. ಕಾಡಿನ ತಜ್ಞತೆ ಹೀಗೆ ಗದ್ದೆಯ ಒಕ್ಕಲನ್ನು ಇನ್ನಷ್ಟು ದುರ್ಬಲಗೊಳಿಸಿತು.

ಆ ಮೇಲೆ ಬಂದುದು ಸರ್ವೆ. ಈ ಜಿಲ್ಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಕ್ರಮವಾದ ಅಳತೆಯೇ ನಡೆದಿರಲಿಲ್ಲ. ಕಲೆಕ್ಟರನಾಗಿದ್ದ ಸ್ಟರಕ್ ೧೮೯೪ರಲ್ಲಿ ಪ್ರಕಟಿಸಿದ ಜಿಲ್ಲೆಯ ಕೈಪಿಡಿಯು ಇಂದಿಗೂ ಉಪಯುಕ್ತವಾದ ಗ್ರಂಥ. ಸರಪಳಿಯಿಂದ ಅಳೆದು, ಸ್ಥಾಲೀಪುಲಾಕ ನ್ಯಾಯದಂತೆ ಕೆಲವು ಗದ್ದೆಗಳ ಬೆಳೆಯನ್ನು ಕುಯ್ಯಿಸಿ ತೂಗಿ, ಉಳಿದವುಗಳ ಇಳುವರಿಯನ್ನು ಅನುಮಾನಿಸಿ ತೀರ್ವೆ ನಿಷ್ಕರ್ಷಿಸುವುದು ಸರ್ವೆಯ ವಿಧಾನ. ಗದ್ದೆಗೆ ನಂಬರು ಬಂದಿತು, ಗಡಿಗೆ ಕಲ್ಲು ಬಂದಿತು, ಒಡೆಯನ ಹೆಸರು ಪಟ್ಟಾದಾರನೆಂದು ಅಚ್ಚುಕಟ್ಟಾಗಿ ದಾಖಲಾಯಿತು. ಚಾಲಗೇಣಿಯ ಒಕ್ಕಲಿನ ಸ್ಥಿತಿ ಮಾತ್ರ ಹಿಂದಿನಂತೆಯೇ ಇದ್ದಿತು.

ಇದೇ ಕಾಲದಲ್ಲಿ ಮಂಗಳೂರಿನ ಒಬ್ಬ ವಕೀಲರು ಯಾವ ಸರಕಾರದ ನೇಮಕವೂ ಇಲ್ಲದೆ ಬೇರೊಂದು ಬಗೆಯ ಅರಿವನ್ನು ಸಂಪಾದಿಸಿದರೆಂಬುದನ್ನು ಇಲ್ಲಿ ನೆನೆಯಬೇಕು. ಕುದ್ಮುಲ್ ರಂಗರಾಯರು ೧೮೯೭ರಲ್ಲಿ ದಲಿತವರ್ಗದ ಮಿಷನ್ ಸಂಸ್ಥೆಯನ್ನು ಸ್ಥಾಪಿಸಿ, ಶಾಲೆಗಳನ್ನು ತೆರೆದು, ಜಾತಿಬಹಿಷ್ಕಾರವನ್ನು ಸಹಿಸಿಕೊಂಡು, ೧೯೨೮ರಲ್ಲಿ ತೀರಿಕೊಳ್ಳುವವರೆಗೂ ಭೂಮಿಯಿಲ್ಲದವರ ನಡುವೆಯೇ ದುಡಿದರು. ಭೂಮಿಯ ಲೆಕ್ಕದಲ್ಲಿ ಕಡೆಯ ಮೆಟ್ಟಿಲಿನಲ್ಲಿದ್ದವರ ಸ್ಥಿತಿಯನ್ನು ಅವರಷ್ಟು ಬಲ್ಲವರು ಯಾವ ಕಛೇರಿಯಲ್ಲಿಯೂ ಇರಲಿಲ್ಲ. ಹಾಗಿದ್ದರೂ ತಜ್ಞರೆಂಬ ಹೆಸರನ್ನು ಅವರಿಗೆ ಕೊಟ್ಟವರು ಕಡಮೆ.

೫. ಪ್ರಮಾಣವು ಬದಲಾದಾಗ

ಸ್ವಾತಂತ್ರ್ಯಾನಂತರ ತಜ್ಞಸಮಿತಿಗಳ ಕೆಲಸ ಹೊಸ ದಿಕ್ಕಿಗೆ ತಿರುಗಿತು. ಕಾಂಗ್ರೆಸ್ ಸಂಸ್ಥೆಯು ಜೆ. ಸಿ. ಕುಮಾರಪ್ಪನವರ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ಕೃಷಿಸುಧಾರಣಾ ಸಮಿತಿಯು ೧೯೪೯ರಲ್ಲಿ ವರದಿಯನ್ನಿತ್ತು, ಭೂಮಿಯು ಸಾಗುವಳಿ ಮಾಡುವವನದಾಗಬೇಕೆಂದು ಸೂಚಿಸಿತು. ೧೯೫೬ನೆಯ ನವೆಂಬರ್ ೧ರಂದು ದಕ್ಷಿಣ ಕನ್ನಡವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಐದು ಆಡಳಿತಗಳಿಂದ ಬಂದ ಸೀಮೆಗಳಲ್ಲಿ ಐದು ಬಗೆಯ ಗೇಣಿಯ ಕಾನೂನುಗಳಿದ್ದುದರಿಂದ, ಏಕರೂಪವಾದ ಶಾಸನವನ್ನು ಸೂಚಿಸಲು ೧೯೫೭ರಲ್ಲಿ ಬಿ. ಡಿ. ಜತ್ತಿಯವರ ಸಮಿತಿ ನೇಮಕವಾಗಿ ಅದೇ ವರ್ಷ ವರದಿ ಬಂದಿತು. ಅದನ್ನು ಆಧರಿಸಿ ೧೯೬೧ರ ಭೂಸುಧಾರಣಾ ಶಾಸನ ಹುಟ್ಟಿತು. ಜಾರಿಗೆ ಬಂದುದು ೧೯೬೫ನೆಯ ಅಕ್ಟೋಬರ್ ೨ರಂದು.

ಸಮಿತಿಯ ಪಾಂಡಿತ್ಯದಲ್ಲಿ ನ್ಯೂನತೆಯಿರಲಿಲ್ಲ. ಆದರೂ ಆ ಶಾಸನದಿಂದ ಈ ಜಿಲ್ಲೆಯ ಚಾಲಗೇಣಿ ಒಕ್ಕಲುಗಳಿಗೆ ದೊರೆತುದು ಅಲ್ಪ. ಸ್ವಂತ ಸಾಗುವಳಿಗೆಂದು ಭೂಮಿಯನ್ನು ಹಿಂದಕ್ಕೆ ಪಡೆಯಲು ಧಣಿಗೆ ಅವಕಾಶವಿದ್ದಿತು. ಅದಕ್ಕಿಂತ ದೊಡ್ಡ ತೊಡಕೆಂದರೆ ಒಕ್ಕಲು ತಾನು ಒಕ್ಕಲೆಂದು ಸಾಧಿಸಬೇಕಾಗಿದ್ದುದು. ಗೇಣಿ ಸಂದುದಕ್ಕೆ ರಶೀದಿ ಪಡೆದವರು ವಿರಳ. ಚೀಟಿಯಿಲ್ಲದ ಬಾಯಿಮಾತಿನ ಒಪ್ಪಂದಗಳೇ ಹೆಚ್ಚು. ೧೮೦೦ರ ಕಡತದಲ್ಲಿ ಹೆಸರಿಲ್ಲದವನ ಮರಿಮಗನು ನ್ಯಾಯಾಲಯದಲ್ಲಿ ಹೆಸರನ್ನು ತೋರಿಸೆಂಬ ಪ್ರಶ್ನೆಗೆ ಉತ್ತರವಿಲ್ಲದೆ ನಿಂತನು.

ದೇವರಾಜ ಅರಸರ ಸರಕಾರವು ತಂದ ತಿದ್ದುಪಡಿಯು ೧೯೭೪ನೆಯ ಮಾರ್ಚ್ ೧ರಿಂದ ಜಾರಿಯಾದಾಗ ಬದಲಾದುದು ಮುಖ್ಯವಾಗಿ ಈ ಪ್ರಮಾಣದ ವಿಧಾನವೇ. ಆ ದಿನ ಗೇಣಿಯಲ್ಲಿದ್ದ ಭೂಮಿಗಳೆಲ್ಲ ಸರಕಾರದಲ್ಲಿ ನಿಹಿತವಾದವು. ಒಕ್ಕಲು ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿದರೆ ಸಾಕು. ತಾಲೂಕಿನ ಭೂನ್ಯಾಯಮಂಡಲಿಯು ವಿಚಾರಿಸಿ ನಿರ್ಣಯಿಸುವುದು. ಮಂಡಲಿಯಲ್ಲಿ ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷ. ಸರಕಾರವು ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬನಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿರಬೇಕು. ವಕೀಲರು ಹಾಜರಾಗಕೂಡದೆಂಬ ನಿಬಂಧನೆಯೂ ಇದ್ದಿತು. ಸುಪ್ರೀಂ ಕೋರ್ಟು ೧೯೮೭ರಲ್ಲಿ ಅದನ್ನು ಊರ್ಜಿತವಲ್ಲವೆಂದು ತೀರ್ಮಾನಿಸಿತು. ಉತ್ತವರಾರು, ಕುಯ್ದವರಾರು ಎಂಬುದನ್ನು ನೆರೆಗದ್ದೆಯವನ ಬಾಯಿಂದ ಕೇಳಲು ಸಾಧ್ಯವಾಯಿತು. ಕಡತಕ್ಕಿದ್ದ ಅಧಿಕಾರದಲ್ಲಿ ಒಂದಂಶವು ಕಣ್ಣಾರೆ ಕಂಡವನ ಮಾತಿಗೆ ದೊರೆಯಿತು. ಇದರ ಪರಿಣಾಮವು ಕರಾವಳಿಯಷ್ಟು ಸ್ಫುಟವಾಗಿ ರಾಜ್ಯದ ಬೇರೆ ಭಾಗಗಳಲ್ಲಿ ಕಾಣುವುದು ಅಪರೂಪ. ಮುಡಿ ಹೊತ್ತು ಧಣಿಯ ಅಂಗಳದಲ್ಲಿ ನಿಲ್ಲುತ್ತಿದ್ದವರ ಮಕ್ಕಳು ತಮ್ಮ ಗದ್ದೆಯ ಪಹಣಿಯಲ್ಲಿ ತಮ್ಮ ಹೆಸರನ್ನು ಓದ ತೊಡಗಿದರು.

ಈ ಶಾಸನಕ್ಕೂ ದೋಷಗಳಿದ್ದುವೆಂಬುದನ್ನು ಮುಚ್ಚಬೇಕಾದುದಿಲ್ಲ. ದೊಡ್ಡ ಧಣಿಯ ಜೊತೆಯಲ್ಲಿ, ಒಂದೆರಡು ಮುಡಿ ಗದ್ದೆಯ ಗೇಣಿಯಿಂದಲೇ ಬದುಕಿದ್ದ ವಿಧವೆಯೂ ದೇವಸ್ಥಾನದ ಅರ್ಚಕನೂ ಭೂಮಿಯನ್ನು ಕಳೆದುಕೊಂಡರು. ವ್ಯಾಜ್ಯಗಳು ಉಚ್ಚ ನ್ಯಾಯಾಲಯದವರೆಗೆ ಹೋಗಿ ವರ್ಷಾನುಗಟ್ಟಲೆ ನಡೆದವು. ಕೂಲಿಯಾಳಿಗೆ ಅವನು ವಾಸವಾಗಿದ್ದ ಮನೆಯ ಹಕ್ಕು ದೊರೆಯಿತಲ್ಲದೆ ಗದ್ದೆ ದೊರೆಯಲಿಲ್ಲ. ಒಕ್ಕಲನ್ನು ಕಂಡ ಕಣ್ಣಿಗೆ ಒಕ್ಕಲಿನ ಆಳು ಕಂಡುದು ಅರೆಬರೆಯಾಗಿ. ನಗರದ ಮೂಲಗೇಣಿಯ ಮನೆಹಿತ್ತಿಲುಗಳ ಪ್ರಶ್ನೆಯಂತೂ ಉಳಿದುಕೊಂಡು, ಅದಕ್ಕಾಗಿ ೨೦೧೧ರಲ್ಲಿ ಪ್ರತ್ಯೇಕವಾದೊಂದು ಶಾಸನ ಬೇಕಾಯಿತು.

೬. ಪುನಃ ಗೇಣಿಯ ಮಾತು

ಚಕ್ರವು ಈಗ ಇನ್ನೊಂದು ಸುತ್ತು ಬಂದಿದೆ. ಯೋಜನಾ ಆಯೋಗದ ಸ್ಥಾನದಲ್ಲಿ ೨೦೧೫ನೆಯ ಜನವರಿ ೧ರಂದು ನೀತಿ ಆಯೋಗವು ಬಂದಿತು. ಕೇಂದ್ರ ಸರಕಾರದ ಚಿಂತಕರ ಚಾವಡಿಯೆಂದೇ ಅದು ತನ್ನನ್ನು ಕರೆದುಕೊಳ್ಳುವುದು. ಅದು ಟಿ. ಹಕ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ತಜ್ಞಸಮಿತಿಯು ೨೦೧೬ರಲ್ಲಿ ಕೃಷಿಭೂಮಿಯ ಗೇಣಿಗೆ ಒಂದು ಮಾದರಿ ಶಾಸನವನ್ನು ಸೂಚಿಸಿತು. ಗೇಣಿಯನ್ನು ಕಾನೂನು ನಿಷೇಧಿಸಿರುವ ಕಡೆಗಳಲ್ಲಿಯೂ ಅದು ಗುಟ್ಟಾಗಿ ನಡೆಯುತ್ತಿದೆ. ಗುಟ್ಟಿನ ಗೇಣಿದಾರನಿಗೆ ಬ್ಯಾಂಕಿನ ಸಾಲವಿಲ್ಲ, ಬೆಳೆವಿಮೆಯಿಲ್ಲ, ನಷ್ಟಪರಿಹಾರವಿಲ್ಲ. ಆದುದರಿಂದ ಗೇಣಿಯನ್ನು ಕಾನೂನಿನೊಳಕ್ಕೆ ತರಬೇಕು. ಅವಧಿ ತೀರಿದೊಡನೆ ಭೂಮಿ ನಿರಾತಂಕವಾಗಿ ಒಡೆಯನಿಗೆ ಮರಳಬೇಕು ಎಂಬುದು ಅದರ ಸಾರ. ಕರ್ನಾಟಕದಲ್ಲಿ ಯೋಧರು, ನಾವಿಕರು ಮೊದಲಾದವರಿಗೆ ವಿನಾಯಿತಿಯಿತ್ತು ಉಳಿದವರಿಗೆ ಗೇಣಿಯನ್ನು ೧೯೭೪ರ ಕಾನೂನು ನಿಷೇಧಿಸಿತು. ೨೦೨೦ರಲ್ಲಿ ಬಂದ ತಿದ್ದುಪಡಿಯಾದರೋ ಬೇಸಾಯಗಾರರಲ್ಲದವರು ಕೃಷಿಭೂಮಿಯನ್ನು ಕೊಳ್ಳಲು ಇದ್ದ ತಡೆಗಳನ್ನು ತೆಗೆದುಹಾಕಿತು.

ಹಕ್ ಸಮಿತಿಯ ಮಾತು ಈ ಜಿಲ್ಲೆಗೆ ಅಪ್ರಸ್ತುತವಲ್ಲ. ಮಕ್ಕಳು ಮುಂಬಯಿಗೋ ಗಲ್ಫ್ ದೇಶಗಳಿಗೋ ಹೋದ ಮನೆಗಳ ಗದ್ದೆಗಳು ಹಡಿಲು ಬಿದ್ದಿರುವುದನ್ನು ಯಾವ ಗ್ರಾಮದಲ್ಲಿಯೂ ಕಾಣಬಹುದು. ಬೇರೆಯವರಿಗೆ ಬೇಸಾಯಕ್ಕೆ ಕೊಡಲು ಒಡೆಯರಿಗೆ ಅಳುಕು. ಏಳನೆಯ ನಮೂನೆಯ ನೆನಪು ಅಳಿದಿಲ್ಲ. ವಿಚಿತ್ರವೆಂದರೆ ಇಂದು ಹೀಗೆ ಅಳುಕುವವರಲ್ಲಿ ೧೯೭೪ರಲ್ಲಿ ಒಡೆಯರಾದ ಒಕ್ಕಲುಗಳ ಮಕ್ಕಳೂ ಇರುವರು. ಹೀಗಿರುವಾಗ ಅಭಯವಿತ್ತು ಗದ್ದೆಯನ್ನು ಪುನಃ ಹಸುರಾಗಿಸುವ ಸಲಹೆಯನ್ನು ಕೇವಲ ಧಣಿಗಳ ಪಕ್ಷಪಾತವೆಂದು ತಳ್ಳಿಬಿಡುವುದು ವಿವೇಕವಲ್ಲ.

ಆದರೆ ಚರಿತ್ರೆಯನ್ನು ಬಲ್ಲವರು ಈ ಸಲಹೆಗೆ ತಲೆದೂಗುವ ಮೊದಲು ಒಂದು ಪ್ರಶ್ನೆಯನ್ನು ಕೇಳಬೇಕು: ಹೊಸ ಗೇಣಿದಾರನ ಹೆಸರು ಯಾವ ಪುಸ್ತಕದಲ್ಲಿ, ಯಾರ ಕೈಯಿಂದ, ಯಾರೆದುರಿಗೆ ಬರೆಯಲ್ಪಡುವುದು? ಮನ್ರೋ ದುರುದ್ದೇಶದಿಂದ ಒಕ್ಕಲನ್ನು ಬಿಡಲಿಲ್ಲ. ಕ್ಲೆಗ್‌ಹಾರ್ನ್ ಕುಡಿಯನ ಮೇಲೆ ಹಗೆಯಿಂದ ಕುಮರಿಯನ್ನು ಹಳಿಯಲಿಲ್ಲ. ಜತ್ತಿಯವರ ಸಮಿತಿಗೆ ಒಕ್ಕಲಿನ ಹಿತದಲ್ಲಿ ಅನಾದರವಿರಲಿಲ್ಲ. ಮೂವರೂ ತಮ್ಮ ಮುಂದೆ ಬಂದ ಸಾಧನಗಳಿಂದ ಕಂಡುದನ್ನು ಪ್ರಾಮಾಣಿಕವಾಗಿ ಹೇಳಿದರು. ಆ ಸಾಧನಗಳು ತೋರಿಸಲಾರದುದನ್ನು ಸರಕಾರಗಳು ಇಲ್ಲವೆಂದು ಭಾವಿಸಿದುವು. ಅನರ್ಥವು ಹುಟ್ಟಿದುದು ಅಲ್ಲಿಂದ. ಸಾಲದ ಪುಸ್ತಕ, ಉಪಗ್ರಹದ ಚಿತ್ರ, ಗಣಕಯಂತ್ರದಲ್ಲಿ ಸೇರಿಸಿದ ಪಹಣಿ ಇವೆಲ್ಲ ಇಂದಿನ ಕಡತಗಳು. ಉಪಗ್ರಹಕ್ಕೆ ಹಸುರಾದ ಗದ್ದೆ ಕಾಣುವುದು, ನಾಟಿಗೆ ಬಗ್ಗಿದವಳ ಹೆಸರು ಕಾಣದು.

ತಜ್ಞರ ಮಾತನ್ನು ತೊರೆದು ಆಡಳಿತ ನಡೆಯಲಾರದು. ಮನ್ರೋನಂತಹ ತಿಳಿದವನಿಲ್ಲದೆ ಹೋಗಿದ್ದರೆ ಈ ಜಿಲ್ಲೆಗೆ ಜಮೀನ್ದಾರಿಯೇ ಬಂದಿರುತ್ತಿತ್ತೋ ಏನೋ. ಆದರೆ ತಜ್ಞನ ವರದಿ ಕೈಗೆ ಬಂದಾಗ, ಇದರಲ್ಲಿ ಏನಿದೆಯೆಂದು ಓದುವುದರ ಜೊತೆಗೆ, ಇದು ಯಾವುದನ್ನು ತೋರಿಸಲು ಶಕ್ತವಲ್ಲವೆಂದು ವಿಚಾರಿಸುವ ಅಭ್ಯಾಸವು ಓದುಬರಹ ಬಲ್ಲ ಪ್ರಜೆಗಳಲ್ಲಿ ಬೆಳೆಯಬೇಕು. ಬೈಲು, ಮಜಲು, ಬೆಟ್ಟುಗಳನ್ನು ವಿಂಗಡಿಸಿದವರ ಹೆಸರುಗಳು ಎಲ್ಲಿಯೂ ಬರೆದಿಲ್ಲ. ಆದರೂ ಅವರ ಅರಿವಿನ ಮೇಲೆಯೇ ಹರಿಹರನ ಕಾಲದಿಂದ ಇಂದಿನವರೆಗಿನ ತೀರ್ವೆಗಳೆಲ್ಲ ನಿಂತಿದ್ದುವು. ಕೊಡಿಯಾಲ್‌ಬೈಲಿನ ರಸ್ತೆಯಲ್ಲಿ ಹೋಗುವವರು ಆ ಹೆಸರನ್ನು ಉಚ್ಚರಿಸುವಾಗಲೆಲ್ಲ, ತಿಳಿಯದೆಯೇ, ಕಡತದಲ್ಲಿ ಕಾಣದ ಆ ಒಕ್ಕಲನ್ನು ಒಮ್ಮೆ ನೆನೆದಂತಾಗುವುದು.